ಹಿಮಕ್ಕೆ ಹಿಮವೇ ಮದ್ದು

ಶೀತಲ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಆತನನ್ನು ಎಲ್ಲರೂ ಹಿಮಕರಡಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅಕ್ಕನ ಗಂಡ, ಅದೇ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ನಲವತ್ತು ದಾಟಿದರೂ ಮದುವೆಯಾಗದ ಹಿಮಕರಡಿ ಅಕ್ಕನ ಮನೆಯ ಮುಂಗೋಣೆಯಲ್ಲಿ, ಅವಳ ಹೊಲಿಗೆ ಯಂತ್ರಕ್ಕೂ ಕಿಟಕಿಗೂ ನಡುವೆ ತುರುಕಿದ ಮಂಚದ ಮೇಲೆ ಹನ್ನೊಂದು ವರ್ಷ ಕಳೆದಿದ್ದ.

ಅವನು ಓದುತ್ತಿದ್ದುದು ಒಂದೇ ಬಗೆಯ ಪುಸ್ತಕಗಳನ್ನು: ಪರಭಾಷೆಗಳಿಂದ ಅನುವಾದಗೊಂಡ ಹಿಮನಾಡಿನ ಕಾದಂಬರಿಗಳು. ದಿನವಿಡೀ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಕೋಣೆಯಲ್ಲಿ ದುಡಿಯುವವನು ಬಿಡುವಿನಲ್ಲೂ ಚಳಿಯನ್ನೇ ಓದುವುದು ವಿಚಿತ್ರವೆನಿಸಬಹುದು. ಆದರೆ ಗೋದಾಮಿನ ಚಳಿಯಲ್ಲಿ ಇದ್ದದ್ದು ಟ್ಯೂಬ್‌ಲೈಟು, ಬಟಾಣಿಯ ಪೆಟ್ಟಿಗೆ, ಭಾವನ ಬೈಗುಳ. ಪುಸ್ತಕದ ಚಳಿಗೆ ದಿಗಂತವಿತ್ತು. ಎಷ್ಟು ನಡೆದರೂ ಯಾರಿಗೂ ಉತ್ತರ ಹೇಳಬೇಕಿಲ್ಲದ ಬಿಳುಪು. ಆ ಗುಂಗು ಕೆಡಬಾರದೆಂದು ಆತ ಅನುವಾದಕರ ಮುನ್ನುಡಿಯನ್ನಾಗಲಿ, ನಕ್ಷತ್ರದ ಗುರುತಿನ ಅಡಿಟಿಪ್ಪಣಿಗಳನ್ನಾಗಲಿ ಓದುತ್ತಿರಲಿಲ್ಲ. "ಉಣ್ಣೋವಾಗ ಅಡುಗೆಯವನು ಬಂದು ಪಕ್ಕದಲ್ಲಿ ಮಾತಾಡ್ದಂಗಿರುತ್ತೆ" ಎನ್ನುತ್ತಿದ್ದ.

"ಏನೋ ಹಿಮಕರಡಿ, ಇವತ್ತೆಷ್ಟು ತೋಳ ಹೊಡ್ದೆ?" ಎಂದು ಭಾವ ಎಲ್ಲರೆದುರು ಕೇಳುತ್ತಿದ್ದ.

"ಒಂದೂ ಇಲ್ಲ ಭಾವ."

"ಜಿರಳೆ ಕಂಡ್ರೆ ಮಂಚ ಹತ್ತೋನು ನೀನು. ನಿನ್ನನ್ನ ನೋಡಿ ತೋಳಾನೇ ನಕ್ಕು ಸತ್ತಿರ್ಬೇಕು ಬಿಡು!"

ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಹಿಮಕರಡಿಯೇ. ಅನ್ನದ ಋಣ ಹಾಗೆ ನಗಿಸುತ್ತದೆ.

ಒಂದು ಮಧ್ಯಾಹ್ನ ಫೋರ್ಕ್‌ಲಿಫ್ಟಿನ ಬೋಲ್ಟೊಂದು ಚಳಿಯ ಒಳಕೋಣೆಯಲ್ಲಿಯೇ ಸಿಕ್ಕಿಕೊಂಡಿತು. ದಪ್ಪ ಕೈಗವಸಿನಲ್ಲಿ ಅದು ಹಿಡಿತಕ್ಕೆ ಸಿಗದೆ, ಭಾವ ಬಲಗೈಯ ಗವಸು ಕಿತ್ತೆಸೆದು ಅರ್ಧ ಗಂಟೆ ಬರಿಗೈಯಲ್ಲಿ ಕಬ್ಬಿಣದೊಡನೆ ಗುದ್ದಾಡಿದ. ಹೊರಬಂದಾಗ ನಾಲ್ಕು ಬೆರಳುಗಳು ಮೇಣದ ಬತ್ತಿಯಂತೆ ಬಿಳುಚಿದ್ದವು. ಮೇಜಿಗೆ ಕುಟ್ಟಿದರೆ ಕಟಕಟ ಸದ್ದು. ಕಸ ಗುಡಿಸುವಾಕೆ ಓಡಿಹೋಗಿ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತಂದಳು.

"ಅಣ್ಣ, ಇದ್ರಲ್ಲಿ ಕೈ ಅದ್ದಿ."

"ಬೇಡ! ಬಿಸಿ ತಗುಲಿದ್ರೆ ಬೆರಳು ಒಡೆದುಹೋಗುತ್ತೆ" ಎಂದು ಹಿಮಕರಡಿ ಬಕೆಟ್ಟನ್ನು ಕಾಲಿನಿಂದ ಒತ್ತಟ್ಟಿಗೆ ತಳ್ಳಿದ. "ಹಿಮಕ್ಕೆ ಹಿಮಾನೇ ಮದ್ದು. ನಂಗೊತ್ತು ಭಾವ, ನಂಬಿ."

ಹನ್ನೊಂದು ವರ್ಷಗಳಲ್ಲಿ ಅವನು ಏನನ್ನಾದರೂ ಬಲ್ಲವನಂತೆ ಮಾತಾಡಿದ್ದು ಅದೇ ಮೊದಲು. ಹೆದರಿದ ಭಾವ ಮಗುವಿನಂತೆ ಕೈ ಚಾಚಿದ. ಹಿಮಕರಡಿ ಒಳಕೋಣೆಯ ಗೋಡೆಯ ಕೊಳವೆಗಳಿಂದ ಹಿಮ ಕೆರೆದು ತಂದು ಕಾಲು ಗಂಟೆ ಉಜ್ಜಿದ.

ಇದು ಹಳೆಯ ನಂಬಿಕೆ. ಒಂದು ಕಾಲದಲ್ಲಿ ಬಲ್ಲವರೇ ಇದನ್ನು ಬೋಧಿಸಿದ್ದರು. ಆದರೆ ಮರಗಟ್ಟಿದ ಮಾಂಸದೊಳಗೆ ಮಂಜಿನ ಹರಳುಗಳು ಕಟ್ಟಿರುತ್ತವೆ, ಉಜ್ಜಿದಷ್ಟೂ ಅವು ಗಾಜಿನ ಚೂರುಗಳಂತೆ ಒಳಗೊಳಗೇ ಸೀಳುತ್ತವೆ. ನೋವನ್ನು ತಿಳಿಸಬೇಕಾದ ನರಗಳೂ ಮರಗಟ್ಟಿರುವುದರಿಂದ ರೋಗಿ ಸುಮ್ಮನಿರುತ್ತಾನೆ. ಆ ಸುಮ್ಮನಿರುವಿಕೆಯನ್ನು ಗುಣವೆಂದು ಎಣಿಸುವುದು ಸುಲಭ.

"ನೋವಿದೆಯಾ ಭಾವ?"

"ಇಲ್ಲ ಕಣೋ. ಏನೂ ಗೊತ್ತಾಗ್ತಿಲ್ಲ."

"ನೋಡಿದ್ರಾ!" ಎಂದ ಹಿಮಕರಡಿ. ಅವನ ಮುಖದಲ್ಲಿ ಸಂತೋಷವಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಸುಲಿದುಹೋದ ಚರ್ಮವನ್ನು ನೋಡಿ, "ಇದನ್ನ ಉಜ್ಜಿದ್ಯಾರು?" ಎಂದಷ್ಟೇ ಕೇಳಿದರು. ಆರು ವಾರ ಕಾದರೂ ಬೆರಳುಗಳು ಕಪ್ಪಗಾದವೇ ಹೊರತು ಮರಳಲಿಲ್ಲ. ನಾಲ್ಕನ್ನೂ ತೆಗೆದರು. ಹೆಬ್ಬೆರಳೊಂದೇ ಉಳಿದ ಕೈಯಿಂದ ಫೋರ್ಕ್‌ಲಿಫ್ಟಿನ ಹಿಡಿಕೆ ತಿರುಗಿಸಲಾಗದು. ಗೋದಾಮಿನವರು ಭಾವನನ್ನು ಮನೆಗೆ ಕಳಿಸಿದರು.

"ಯಾಕೋ ಹಂಗೆ ಮಾಡ್ದೆ?" ಎಂದಳು ಅಕ್ಕ.

"ಪುಸ್ತಕದಲ್ಲಿತ್ತು ಅಕ್ಕ."

"ಎಲ್ಲಿ, ತೋರ್ಸು."

ಬೇಟೆಗಾರನ ಕೈಯನ್ನು ಅವನ ಹೆಂಡತಿ ಹಿಮದಿಂದ ಉಜ್ಜಿ ಬದುಕಿಸುವ ಪುಟವನ್ನು ಹಿಮಕರಡಿ ತೆರೆದು ಕೊಟ್ಟ. ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಅಕ್ಕನ ಕಣ್ಣು ನೇರ ಪುಟದ ಬುಡಕ್ಕೆ, ಇರುವೆಯಂಥ ಅಕ್ಷರಗಳಿಗೆ ಇಳಿಯಿತು. ಅವಳು ಗಟ್ಟಿಯಾಗಿ ಓದಿದಳು: "ಇದು ಆ ಕಾಲದ ರೂಢಿ. ಹೀಗೆ ಉಜ್ಜುವುದು ಅಪಾಯಕರ. ಬೆಚ್ಚಗಿನ ನೀರಿನಲ್ಲಿ ಅದ್ದಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಅನುವಾದಕ."

ಹೊಲಿಗೆ ಯಂತ್ರದ ಪಕ್ಕ ಕುಳಿತಿದ್ದ ಭಾವ ಪುಸ್ತಕವನ್ನು ಎಡಗೈಗೆ ತೆಗೆದುಕೊಂಡ.

ಮರುದಿನ ಹಿಮಕರಡಿ ಚೀಲ ತುಂಬಿಕೊಂಡ. "ನಾನು ಬೇರೆ ಕಡೆ ಇರ್ತೀನಿ ಭಾವ."

"ಎಲ್ಲಿಗೋ? ತೋಳ ಹೊಡೆಯೋಕಾ? ದುಡಿಯೋ ಕೈ ಈ ಮನೇಲಿ ಇನ್ನು ನಿಂದೊಂದೇ. ಕೂತ್ಕೋ."

ಅಂದಿನಿಂದ ಮನೆಗೆ ಯಾರೇ ಬರಲಿ, ಕೈಗೇನಾಯಿತೆಂದು ಕೇಳಲಿ, ಭಾವ ಉತ್ತರ ಹೇಳುವುದಿಲ್ಲ. "ನಮ್ಮ ಹಿಮಕರಡಿ ಚೆನ್ನಾಗಿ ಓದ್ತಾನೆ, ಕೇಳಿ" ಎಂದು ಪುಸ್ತಕ ತರಿಸುತ್ತಾನೆ. ಹಿಮಕರಡಿ ಮಂಚದ ಅಂಚಿನಲ್ಲಿ ಕುಳಿತು ಓದುತ್ತಾನೆ. ಮೊದಲ ಸಾಲುಗಳಲ್ಲಿ ದನಿ ನಡುಗುತ್ತದೆ. ಆಮೇಲೆ ಬಿಳಿಯ ಬಯಲು ತೆರೆದುಕೊಳ್ಳುತ್ತದೆ, ಗಾಳಿ ನಿಲ್ಲುತ್ತದೆ, ಬೇಟೆಗಾರನ ಬೆರಳುಗಳಿಗೆ ಒಂದೊಂದಾಗಿ ಕೆಂಪೇರುತ್ತದೆ. ಓದುವವನ ದನಿಯೂ ಎದುರಿಗಿರುವ ಕೈಯನ್ನು ಮರೆತು ಅರಳುತ್ತದೆ. ಭಾವ ಕಾಯುವುದು ಅದನ್ನೇ. ಮೊಂಡು ಕೈಯನ್ನು ಮೆಲ್ಲಗೆ ತಂದು ಪುಟದ ಬುಡದಲ್ಲಿರುವ ನಕ್ಷತ್ರದ ಮೇಲಿಡುತ್ತಾನೆ.

"ಹ್ಞೂಂ. ಇನ್ನು ಇದನ್ನ ಓದಪ್ಪ."