ಮನೆ ಬಿಟ್ಟೆ, ಹುಂಜ ಬಿಡಲಿಲ್ಲ

ಶಲವಡಿಯಲ್ಲಿ ನರ್ಸ್ ಆಗಿದ್ದಾಗ ಬಾಡಿಗೆ ಮನೆಯ ಹಿತ್ತಲಲ್ಲಿ ಪ್ರೀತಿಗೆಂದು ಕೋಳಿಮರಿಗಳನ್ನು ಸಾಕಿದ್ದೆ. ದೊಡ್ಡವಾದಾಗ ಅವುಗಳಲ್ಲೊಂದು ಹುಂಜ ಅಂತ ಗೊತ್ತಾಯಿತು. ನಸುಕಿನಲ್ಲೇ ಕೂಗುತ್ತಿತ್ತು, ಬಂದವರ ಕಾಲು ಕುಕ್ಕುತ್ತಿತ್ತು.

ಒಂದು ಮುಂಜಾನೆ ಮನೆ ಮಾಲೀಕರಾದ ಬಸಪ್ಪ ಕಾಕಾ ಕೋಳಿ ವ್ಯಾಪಾರಿಯನ್ನು ಕರೆದುಕೊಂಡೇ ಬಂದರು.

“ಕೋಳಿ ಇರಲಿ ಸಿಸ್ಟರ್, ಹುಂಜ ಇವಗ ಕೊಟ್ಟಬಿಡ್ರಿ. ನಮಗ ನಿದ್ದಿ ಇಲ್ಲ.”

“ಒಯ್ದು ಸಾಕ್ತೀರೇನ್ರಿ?” ಅಂತ ವ್ಯಾಪಾರಿಯನ್ನು ಕೇಳಿದೆ.

ಅವನು ನೆಲ ನೋಡಿದ. “ಸುಳ್ಳ ಯಾಕ ಹೇಳ್ಲಿ ಅಕ್ಕಾರ, ಸಂಜೀಕ ಸಾರು ಆಗತೈತಿ.”

ನಾನು ಹಿತ್ತಲ ಬಾಗಿಲಿಗೆ ಅಡ್ಡ ನಿಂತೆ. “ಕಾಕಾ, ನಿಮ್ಮ ಮನ್ಯಾಗ ತತ್ತಿ ಸುದ್ದಾ ಮುಟ್ಟಂಗಿಲ್ಲ. ನನ್ನ ಹುಂಜ ಕೊಯ್ಯಾಕ ಮಾತ್ರ ಮಂದಿ ಕರಕೊಂಡ ಬಂದೀರಿ.”

ಕಾಕಾನ ಮುಖ ಕೆಂಪಾಯಿತು. “ಹಂಗಾರ ಮನಿ ಬಿಡ್ರಿ.”

“ಬಿಡ್ತೇನ್ರಿ. ಹುಂಜ ಬಿಡಂಗಿಲ್ಲ.”

ಅದೇ ವಾರ ಊರಾಚೆ ಒಂದು ಮನೆ ನೋಡಲು ಹೋದೆ. ಮುಚ್ಚಿಡೋದು ಬೇಡವೆಂದು ಹುಂಜವನ್ನು ಕಂಕುಳಲ್ಲೇ ಹಿಡಿದುಕೊಂಡಿದ್ದೆ.

ಮನೆಯೊಡತಿ ಅಜ್ಜಿ ಕೇಳಿದರು, “ಗಂಡಸರು ಯಾರದಾರವಾ ನಿನ್ನ ಜೋಡಿ?”

“ಇಂವ ಒಬ್ಬನ ರೀ. ನಸುಕಿನ್ಯಾಗ ಎದ್ದು ಒದರ್ತಾನ.”

ಅಜ್ಜಿ ಒಳಗೆ ಮಲಗಿದ್ದ ಗಂಡನ ಕಡೆ ಕಣ್ಣು ಹಾಯಿಸಿದರು. “ನಮ್ಮವರು ದಿನಪೂರ್ತಿ ಒದರ್ತಾರ. ಬಾರವಾ, ಸಾಮಾನು ತಂದು ಹಚ್ಚು.”