ಕಾರ್ಡು ಎತ್ತಿಕೊಂಡು ಬಂದವಳು

ಎಪ್ಪತ್ತರ ದಶಕದಲ್ಲಿ ಮಳವಳ್ಳಿ ತಾಲ್ಲೂಕು ಕಚೇರಿಯಲ್ಲಿ ರೇಷನ್ ಕಾರ್ಡಿನ ಮೇಜು ನನ್ನದು. ಗಂಡನ ಹೊಡೆತ ತಾಳದೆ ತವರಿಗೆ ಬಂದಿದ್ದ ಹೆಂಗಸೊಬ್ಬಳಿಗೆ, "ಬೇರೆ ಕಾರ್ಡಿಗೆ ಯಜಮಾನರ ರುಜು ಬೇಕಮ್ಮ" ಅಂದೆ.

"ಬ್ಯಾರೇದು ಯಾಕವ್ವ?" ಅಂತ ಸೊಂಟದಿಂದ ಕಾರ್ಡು ತೆಗೆದಳು. "ಗಂಡ ಒಡ್ದ, ಇದ್ನ ಎತ್ಕಂಡು ಬಂದ್ಬುಟ್ಟೆ. ರೇಷನ್ ಅಂಗ್ಡಿ ನಮ್ಮವ್ವನ ಊರಿಗೆ ಬದಲಾಯ್ಸ್ಕೊಡು, ಸಾಕು. ಸಕ್ಕರೆ ಬೇಕಾದ್ರೆ ಅವ್ನೇ ಬಂದು ನನ್ನ ಕೇಳ್ಲಿ."

ಅಂಗಡಿ ಬದಲಾವಣೆಗೆ ಯಾರ ರುಜುವೂ ಬೇಡ, ಕಾರ್ಡು ತಂದರೆ ಸಾಕಿತ್ತು. ಇಷ್ಟು ವರ್ಷ ಅದೇ ಸೀಲು ಒತ್ತಿದ ನನಗೆ ಹೊಳೆಯದ್ದು ಇವಳಿಗೆ ಹೊಳೆದಿತ್ತಲ್ಲ ಅಂತ ಹೊಟ್ಟೆ ಉರಿಯಿತು. ಸೀಲನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ನನ್ನ ಮುಂಗೈ ಮೇಲಿನ ಬಾಸುಂಡೆ ಅವಳ ಕಣ್ಣಿಗೆ ಬಿತ್ತು. "ನಿನ್ ಕಾರ್ಡು ಎಲ್ ಮಡ್ಗಿದ್ದೀಯವ್ವ?" ಅಂದಳು.

"ಮುಂದಿನವರು ಬನ್ನಿ" ಅಂದೆ. ನನ್ನದು ಅತ್ತೆಯ ಪೆಟ್ಟಿಗೆಯಲ್ಲಿತ್ತು. ಸೀಲು ಮಾತ್ರ ನನ್ನ ಕೈಲಿತ್ತು.