ಹಿಂದಕ್ಕೆ ಹೋದ ವ್ಯಾನು

ಬೆಳಿಗ್ಗೆ ಎದ್ದು ನೀರಿನ ಮೋಟರು ಹಾಕಿದೆ. ದಂಟಿನ ಸೊಪ್ಪು ಬಿಡಿಸಿ, ತೊಳೆದು, ಸೋರಲು ಇಟ್ಟೆ. ಹೊದಿಕೆಗಳನ್ನು ಮಹಡಿಯ ಮೇಲೆ ಬಿಸಿಲಿಗೆ ಹರವಿ ಬಂದೆ. ಗ್ಯಾಸ್ ಒಲೆಯ ಅಡಿಯನ್ನು ಒರೆಸಿದೆ. ಸರಸಕ್ಕನ ಕಿವಿ ಮಿಷನ್ನನ್ನು ಹತ್ತಿಯಲ್ಲಿ ಒರೆಸಿ ನೋಡಿದರೆ ಸೆಲ್ ಮುಗಿದಿತ್ತು. ಹೊಸದನ್ನು ತರಲು ಬ್ಯಾಟರಾಯನಪುರದ ನಮ್ಮ ಬೀದಿಯಿಂದ ಮೇನ್ ರೋಡಿನ ತನಕ ನಡೆದೆ. ಅಂಗಡಿಯ ಪಕ್ಕದ ಗ್ಯಾರೇಜಿನ ಮುಂದೆ ಒಂದು ಗೂಡ್ಸ್ ಟೆಂಪೊವನ್ನು ಜಾಕಿ ಕೊಟ್ಟು ಎತ್ತಿ, ಅದರ ಹಿಂಬದಿಯ ಗೇರ್ ಆಯಿಲನ್ನು ಹಳೆಯ ಬಾಣಲೆಗೆ ಇಳಿಸುತ್ತಿದ್ದರು. ಗೇರ್ ಆಯಿಲಿನ ವಾಸನೆ ಎಂಜಿನ್ ಆಯಿಲಿನದಂತಲ್ಲ. ಸೀದ ಬೆಳ್ಳುಳ್ಳಿಗೆ ಪಟಾಕಿ ಮದ್ದು ಬೆರೆಸಿದಂತೆ ಇರುತ್ತದೆ. ಒಮ್ಮೆ ಬಟ್ಟೆಗೆ ಹತ್ತಿದರೆ ನಾಲ್ಕು ಒಗೆತಕ್ಕೂ ಹೋಗುವುದಿಲ್ಲ. ಸೆಲ್ಲಿನ ಪೊಟ್ಟಣ ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ. ಗಾಡಿಯ ಅಡಿಯಿಂದ ಮೆಕ್ಯಾನಿಕ್ ತಲೆ ಹೊರಗೆ ಹಾಕಿ, "ಏನ್ ಆಂಟಿ, ನಿಮ್ ಗಾಡಿನಾ?" ಎಂದ. "ಇಲ್ಲಪ್ಪಾ, ಸುಮ್ನೆ ವಾಸನೆಗೆ ನಿಂತೆ" ಎಂದೆ. ಅವನು ನಕ್ಕು ಮತ್ತೆ ಒಳಗೆ ಹೋದ. ಅವನಿಗೆ ಹೇಗೆ ಹೇಳಲಿ, ಅದು ನಮ್ಮ ಅಪ್ಪನ ಅಂಗಿಯ ವಾಸನೆ ಎಂದು.

ನಮ್ಮ ಮನೆ ಆಗ ವಿದ್ಯಾರಣ್ಯಪುರದಲ್ಲಿತ್ತು. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ, ಕೆಳಗೆ ಕಾರುಗಳು ನಿಲ್ಲುತ್ತವೆ. ಆಗ ಬೀದಿಗೆ ಎರಡೋ ಮೂರೋ ಮನೆ, ಉಳಿದದ್ದೆಲ್ಲ ಮೂಲೆಗೆ ಕಲ್ಲು ನೆಟ್ಟ ಖಾಲಿ ಸೈಟು, ತುಂಬೆ ಗಿಡ, ಅದರ ಮೇಲೆ ಹಾರುವ ಚಿಟ್ಟೆ. ನಮ್ಮದು ಎರಡು ಕೋಣೆಯ ಶೀಟಿನ ಮನೆ, ಮುಂದೆ ಕೆಂಪು ಗಾರೆಯ ಜಗುಲಿ, ಪಕ್ಕದಲ್ಲಿ ಹೊಂಗೆ ಮರ, ಮರದಡಿ ಅಪ್ಪನ ವ್ಯಾನು. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅದು. ಅಪ್ಪ ನಮ್ಮೊಡನೆ ಆಡಿದ್ದಕ್ಕಿಂತ ಹೆಚ್ಚು ಮಾತು ಅದರೊಡನೆ ಆಡುತ್ತಿದ್ದರು. "ಏನಮ್ಮಾ, ಚಳಿನಾ?" ಎಂದು ಅದರ ಬಾನೆಟ್ಟು ತಟ್ಟುವರು. ಅಡುಗೆಮನೆಯಿಂದ ಅಮ್ಮ, "ಸವತಿ ಎದ್ದಳೇನೋ, ನನಗೆ ಯಾವ ಚಳಿ ಅಂತ ಕೇಳೋರಿಲ್ಲ" ಎಂದು ಲೋಟ ಕುಕ್ಕುವಳು. ಹೊಟ್ಟೆಕಿಚ್ಚು ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ, ಪ್ರತಿ ಊಟಕ್ಕೂ ಇರುತ್ತಿತ್ತು. ಅಮ್ಮನಿಗೆ ವ್ಯಾನಿನ ಮೇಲೆ. ನನಗೆ ಅಕ್ಕನ ಮೇಲೆ.

ಯಾಕೆಂದರೆ ಅಪ್ಪ ಕರೆಯುತ್ತಿದ್ದದ್ದು ಅಕ್ಕನನ್ನು. ವ್ಯಾನಿನಲ್ಲಿ ಏನು ಸದ್ದು ಬಂದರೂ, "ಸರಸೂ, ಬಾರೇ ಇಲ್ಲಿ" ಎಂಬ ಒಂದೇ ಕೂಗು. ಅವಳಿಗೆ ಅಂಥ ಕಿವಿಯಿತ್ತು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಲ್ಲಿ ಒತ್ತಿ ಹಿಡಿಯುತ್ತಿದ್ದರೋ ಅಲ್ಲಿಯ ಸದ್ದನ್ನು, ಅದರ ಮರದ ಹಿಡಿಗೆ ಕಿವಿ ಕೊಟ್ಟು ಅವಳು ಕೇಳುವಳು. ಕಣ್ಣು ಮುಚ್ಚಿ, ತುಟಿ ಬಿಗಿದು, ದೊಡ್ಡ ವೈದ್ಯರ ಹಾಗೆ. "ಇಲ್ಲಲ್ಲ ಅಪ್ಪ, ಇನ್ನೂ ಹಿಂದೆ." ಅಪ್ಪ ಮೊನೆ ಸರಿಸುವರು. "ಹಾಂ, ಇಲ್ಲೇ. ರಾಗಿ ಬೀಸೋ ಹಾಗಿದೆ." ಒಮ್ಮೆ ನಾನೂ ಹಟ ಮಾಡಿ ಆ ಹಿಡಿಗೆ ಕಿವಿ ಇಟ್ಟಿದ್ದೆ. ನನಗೆ ಎಲ್ಲ ಕಡೆಯೂ ಒಂದೇ ಸದ್ದು ಕೇಳಿಸಿತ್ತು. ಅಪ್ಪ ಬೈಯಲಿಲ್ಲ. "ಪರವಾಗಿಲ್ಲ ವಸು, ನೀನು ನಟ್ಟು ತೊಳಿ" ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆ ವರ್ಷ ದಸರಾ ರಜೆಗೆ ಮೊದಲು, ವ್ಯಾನು ಸ್ಪೀಡು ಹಿಡಿದಾಗಲೆಲ್ಲ ಹಿಂದಿನಿಂದ ಊಂ ಎಂದು ಅಳಲು ಶುರುಮಾಡಿತು. ಅಕ್ಕ ಕೇಳಿ, ಡಿಫರೆನ್ಷಿಯಲ್ಲೇ ಎಂದಳು. ಹಿಂದಿನ ಎರಡು ಚಕ್ರಗಳ ನಡುವೆ ಬೋಗುಣಿಯ ಹಾಗೆ ಉಬ್ಬಿರುತ್ತದಲ್ಲ, ಅದು. ಎಂಜಿನ್ನಿನ ತಿರುಗುವಿಕೆಯನ್ನು ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗಿವೆ. ಶಾಲೆಗೆ ರಜೆ ಬಂದದ್ದೇ ತಡ, ಅಪ್ಪ ಹೊಂಗೆ ಮರದಡಿ ಕೆಲಸಕ್ಕೆ ಇಳಿದರು. ಹಿಂದಿನ ಚಕ್ರ ಕಳಚಿ, ಸೈಜುಗಲ್ಲುಗಳ ಮೇಲೆ ವ್ಯಾನನ್ನು ಕೂರಿಸಿ, ಆಯಿಲ್ ಇಳಿಸಿ, ಎರಡೂ ಕಡೆಯಿಂದ ಆಕ್ಸೆಲುಗಳನ್ನು ಎಳೆದು, ನಡುವಿನ ಉದ್ದನೆಯ ಶಾಫ್ಟು ಬಿಚ್ಚಿದರು. ಕೊನೆಗೆ ಸುತ್ತಲಿನ ನಟ್ಟುಗಳು. ಸೀಮೆಎಣ್ಣೆ ಡಬ್ಬಿಯಲ್ಲಿ ಅವನ್ನು ತೊಳೆದವಳು ನಾನು. ಯಾವ ಕಡೆ ಮೇಲಿತ್ತೋ ಮರೆಯಬಾರದೆಂದು ಅಪ್ಪ ಅಮ್ಮನ ಕುಂಕುಮದ ಭರಣಿ ತರಿಸಿ, ಎಣ್ಣೆಯಲ್ಲಿ ಕಲೆಸಿ, ಹೊರಗಿನ ಗೂಡಿಗೊಂದು, ಅದಕ್ಕೆ ಸರಿಯಾಗಿ ಹೊರಬರುವ ಭಾಗಕ್ಕೊಂದು ಬೊಟ್ಟು ಇಟ್ಟರು. ಸುತ್ತಲೂ ಬೋಲ್ಟುಗಳು ಒಂದೇ ಅಂತರದಲ್ಲಿದ್ದವು; ತಲೆಕೆಳಗೆ ಹಾಕಿದರೂ ಕೂತುಬಿಡುತ್ತದೆ, ಆದ್ದರಿಂದ ಗುರುತು ಬೇಕು ಎಂದು ಹೇಳಿದರು. ಹೇಳಿದ್ದು ಅಕ್ಕನಿಗೆ. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಿದ್ದ ಹಿಂದಿನ ಮನೆಯ ಬಾಷಾ ಮಾಮ ಬಂದು ಕೈಜೋಡಿಸಿದರು. ಇಬ್ಬರೂ ಅಂಗಾತ ಮಲಗಿ, ಆ ಕಬ್ಬಿಣದ ಮುದ್ದೆಯನ್ನು ಎದೆಯ ಮೇಲೆ ಇಳಿಸಿಕೊಂಡು ಗೋಣಿಚೀಲಕ್ಕೆ ಜಾರಿಸಿದರು. "ಈರುಳ್ಳಿ ಮೂಟೆನೇ ವಾಸಿ ಸಾಬ್, ಇದು ಕುಸ್ತಿ ಆಡ್ತದೆ" ಎಂದು ಮಾಮ ಏದುಸಿರು ಬಿಟ್ಟರು.

ಅಪ್ಪ ಹಳೆಯ ಬೇರಿಂಗು ತೆಗೆದು ಹೊಸದು ಕೂರಿಸುವ ಹೊತ್ತಿಗೆ ಆಯುಧಪೂಜೆ ಬಂತು. ವ್ಯಾನಿನ ಆ ಭಾಗ ಇನ್ನೂ ಜಗುಲಿಯ ಮೇಲೆಯೇ ಇತ್ತು. ಅಮ್ಮ ಸವತಿ ಎಂದು ಬೈದರೂ ಪೂಜೆಯಲ್ಲಿ ಕೊರತೆ ಮಾಡುವವಳಲ್ಲ. ಸ್ಪ್ಯಾನರುಗಳು, ಜಾಕಿ, ಈಳಿಗೆಮಣೆ, ನಮ್ಮ ಕಂಪಾಸ್ ಬಾಕ್ಸು ಎಲ್ಲವನ್ನೂ ಸಾಲಾಗಿ ಇಟ್ಟು, ಕೊನೆಗೆ ಈ ಕಬ್ಬಿಣವನ್ನೂ ಒದ್ದೆಬಟ್ಟೆಯಲ್ಲಿ ಚೆನ್ನಾಗಿ ಒರೆಸಿದಳು. ಮೂರು ಬೆರಳಿನ ವಿಭೂತಿ ಎಳೆದು, ಬಾಗಿಲಿನ ಕಡೆಗಿದ್ದ ಮಗ್ಗುಲಿಗೆ ದುಂಡನೆಯ ಕುಂಕುಮ ಇಟ್ಟು, ಸೇವಂತಿಗೆ ಏರಿಸಿದಳು. ನಿಂಬೆಹಣ್ಣು, ಬೂದುಗುಂಬಳ, ಕಡಲೆಪುರಿಯ ಚರುಪು. ಎಷ್ಟು ಚೆಂದ ಕಾಣುತ್ತಿತ್ತೆಂದರೆ ಅಪ್ಪ ನಿಂತು ಕೈಮುಗಿದರು.

ಮರುದಿನ ಅದನ್ನು ಮತ್ತೆ ಒಳಗೆ ಏರಿಸಿದರು. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ಆಯಿಲ್ ಸೋರದಂತೆ ಗ್ಯಾಸ್ಕೆಟ್ಟು ಮಾಡಿದರು. ಕುಂಕುಮಕ್ಕೆ ಕುಂಕುಮ ಸೇರಿಸಿ ಕೂರಿಸಿದರು, ನಾನು ತೊಳೆದ ನಟ್ಟುಗಳನ್ನು ಬಿಗಿದರು, ಹೊಸ ಆಯಿಲ್ ಹಾಕಿದರು. ಇನ್ನು ಉಳಿದದ್ದು ಟ್ರಯಲ್. ನಾನು ಆ ರಜೆಯಿಡೀ ಕಾದದ್ದು ಅದಕ್ಕೇ. ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲಿ, ಒಂದು ಸಲ ನಾನು ಕೂರಬೇಕಿತ್ತು. ಮುಂಚೆಯೇ ಕೇಳಿಯೂ ಇದ್ದೆ, ನೋಡೋಣ ಎಂದಿದ್ದರು. ತಲೆ ಬಾಚಿಕೊಂಡು, ಹಬ್ಬದ ಲಂಗ ಹಾಕಿಕೊಂಡು, ಬಾಗಿಲ ಹಿಡಿ ಮುಟ್ಟುವಷ್ಟರಲ್ಲಿ ಅಪ್ಪ, "ಸರಸೂ, ಹತ್ತು. ಸದ್ದು ಕೇಳ್ಬೇಕಲ್ಲ" ಎಂದರು. ಸದ್ದು ಬರುವುದು ಹಿಂದಿನಿಂದ. ಹಾಗಿದ್ದ ಮೇಲೆ ಕೇಳುವವಳೂ ಹಿಂದೆ ಕೂರಬೇಕಲ್ಲವೇ ಎಂದು ಯಾರೂ ಕೇಳಲಿಲ್ಲ. ನಾನು ಹೋಗಿ ಕಡೆಯ ಸೀಟಿನ ಮೇಲೆ, ಎಲ್ಲರಿಗೂ ಬೆನ್ನು ಹಾಕಿ, ಹಿಂದಿನ ಗಾಜಿಗೆ ಮೂಗು ಒತ್ತಿ ಮಂಡಿಯೂರಿ ಕೂತೆ. ಅಕ್ಕನ ಜಡೆ ನನ್ನ ಕಣ್ಣಿಗೆ ಬೀಳಬಾರದು, ಅಷ್ಟೇ.

ಅಪ್ಪ ಫಸ್ಟ್ ಗೇರು ಹಾಕಿ ಕ್ಲಚ್ಚು ಬಿಟ್ಟರು. ವ್ಯಾನು ಹಿಂದಕ್ಕೆ ಹೊರಟಿತು.

"ಅಪ್ಪಾ, ತುಳಸಿಕಟ್ಟೆ!" ಎಂದು ನಾನು ಕಿರುಚಿದೆ. ಬ್ರೇಕು ಬಿತ್ತು. ಗೇರು ತಪ್ಪಿತೆಂದುಕೊಂಡು ಅಪ್ಪ ಬಿಡಿಸಿ ಮತ್ತೆ ಹಾಕಿದರು. ಮತ್ತೆ ಹಿಂದಕ್ಕೇ. ರಿವರ್ಸ್ ಹಾಕಿದರೆ ಮುಂದಕ್ಕೆ! ಕಾಂಪೌಂಡಿನಾಚೆಯಿಂದ ಬಾಷಾ ಮಾಮ, "ಅರೆ ಸಾಬ್, ಗಾಡಿ ಉಲ್ಟಾ ಹೋಗ್ತಾ ಐತಲ್ಲ! ಮಕ್ಕಳನ್ನ ಸ್ಕೂಲಿಂದ ಮನೆಗೆ ಬಿಟ್ಟು ಆಮೇಲೆ ಪಾಠ ಹೇಳಿಸ್ತೀರಾ?" ಎಂದು ಹೊಟ್ಟೆ ಹಿಡಿದುಕೊಂಡರು. ಅಪ್ಪ ಇಳಿದು, ಕೆಳಗೆ ನುಸುಳಿ, ಡಿಫರೆನ್ಷಿಯಲ್ಲು ತಲೆಕೆಳಗಾಗಿ ಕೂತು ಚಕ್ರಗಳನ್ನು ಉಲ್ಟಾ ತಿರುಗಿಸುತ್ತಿರುವುದನ್ನು ಕಂಡು ಬಂದು, ಅಮ್ಮನ ಮುಂದೆ ನಿಂತರು. "ನನ್ನ ಬೊಟ್ಟು ಒರೆಸಿದ್ಯೇನೇ?"

"ಎಣ್ಣೆ ಮೆತ್ಕೊಂಡು ಕರ್ರಗಾಗಿತ್ತು. ಹಬ್ಬದ ದಿನ ಹಾಗೆ ಬಿಡ್ತಾರೇನ್ರೀ? ಒರೆಸಿ ಬೇರೆ ಇಟ್ಟೆ. ಅದು ನಿಮ್ಮ ಗುರುತು ಅಂತ ನನಗೇನು ಗೊತ್ತು?" ಎಂದಳು ಅಮ್ಮ. ಸೆರಗಿಗೆ ಕೈ ಒರೆಸಿಕೊಂಡು, "ಸವತಿಗೆ ಅಂತ ಕೈಯಾರೆ ಕುಂಕುಮ ಇಟ್ಟಿದ್ದಕ್ಕೆ ನನಗೆ ಇದಾಗಬೇಕು" ಎಂದಳು.

ಅಪ್ಪ ಬೈಯುತ್ತಾರೆಂದುಕೊಂಡೆವು. ಅವರಿಗೆ ನಗು ಬಂತು. ಮಾಡಿದ್ದೆಲ್ಲ ಮತ್ತೆ ಬಿಚ್ಚಬೇಕು, ಹಾಕಿದ ಆಯಿಲ್ ಮತ್ತೆ ಇಳಿಸಬೇಕು, ಆದರೂ ನಕ್ಕರು. "ಹೇಗೂ ಬಿಚ್ಚೋದೇ ಆಯ್ತು. ಒಂದು ರೌಂಡು ಹಿಂದಕ್ಕೇ ಹೋಗಿಬರೋಣ. ವಸೂ, ನೀನು ದಾರಿ ಹೇಳು" ಎಂದರು.

ನೀವು ಚಿಕ್ಕವರಿದ್ದಾಗ ನಿಮ್ಮ ಹೆಸರು ಹಿಡಿದು ಯಾರಾದರೂ ಹೀಗೆ ಕರೆದಿದ್ದರೆ ನಿಮಗೆ ಗೊತ್ತಿರುತ್ತದೆ. ನನಗಿಂತ ಚೆನ್ನಾಗಿ ನೀವೇ ಹೇಳಬಲ್ಲಿರಿ. ಗೇಟಿನಿಂದ ಹೊರಬಿದ್ದು, ಖಾಲಿ ಸೈಟುಗಳ ನಡುವಿನ ಮಣ್ಣುರಸ್ತೆಯಲ್ಲಿ ವ್ಯಾನು ಮೆಲ್ಲಗೆ ಹಿಂದಕ್ಕೆ ಸಾಗಿತು. ರಸ್ತೆ ಮೊದಲು ಕಾಣುತ್ತಿದ್ದದ್ದು ನನಗೆ. "ಎಡಕ್ಕೆ ಅಪ್ಪ, ಹಳ್ಳ ಇದೆ. ನೇರ. ಕರು ನಿಂತಿದೆ, ನಿಲ್ಸಿ. ಹೋಯ್ತು, ಬನ್ನಿ." ನಾನು ಹೇಳಿದ ಕಡೆಗೆ ವ್ಯಾನು ತಿರುಗುತ್ತಿತ್ತು. ಅಮ್ಮ ಗೇಟಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾವು ಬೀದಿ ಸುತ್ತಿ ಬಂದಾಗಲೂ ನಗುತ್ತಲೇ ಇದ್ದಳು. ನಾನು ಕಣ್ಣು ಕದಲಿಸದೆ ರಸ್ತೆಯನ್ನೇ ನೋಡಿದೆ. ಒಮ್ಮೆಯೂ ಹಿಂತಿರುಗಲಿಲ್ಲ.

ಮಾರನೆಯ ದಿನ ಎಲ್ಲ ಬಿಚ್ಚಿ ಸರಿಯಾಗಿ ಕೂರಿಸಿದರು. ವ್ಯಾನು ಮುಂದಕ್ಕೆ ಹೋಯಿತು, ಅಕ್ಕ ಮುಂದೆ ಕೂತಳು. ಆಮೇಲೆ ವ್ಯಾನು ಹೋಯಿತು, ಹೊಂಗೆ ಮರ ಹೋಯಿತು, ಬಾಷಾ ಮಾಮ, ಅಪ್ಪ, ಅಮ್ಮ, ಒಬ್ಬೊಬ್ಬರಾಗಿ. ಸೋಲದೇವನಹಳ್ಳಿಯಲ್ಲಿರುವ ಅಕ್ಕ ಆಗಾಗ ಬಂದು ನಾಲ್ಕು ದಿನ ನನ್ನ ಜೊತೆ ಇರುತ್ತಾಳೆ. ಅಂಥ ಕಿವಿ ಐವತ್ತು ದಾಟುವ ಮೊದಲೇ ಮಂಕಾಯಿತು. ಆದರೂ ಅಪ್ಪನ ಕಥೆ ಹೇಳುವವಳು ಅವಳೇ. ಸ್ಕ್ರೂಡ್ರೈವರು, ರಾಗಿ ಬೀಸುವ ಸದ್ದು, ಎಲ್ಲವೂ ಅವಳವು. ಈ ಒಂದು ದಿನದ ಕಥೆಯನ್ನು ಮಾತ್ರ ಅವಳು ಯಾರಿಗೂ ಹೇಳಿದ್ದಿಲ್ಲ. ನಾನು ಹೇಳಲು ಹೊರಟರೆ ಎದ್ದು ನೀರು ಕುಡಿಯಲು ಹೋಗುತ್ತಾಳೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಗ್ಯಾರೇಜಿನ ವಾಸನೆಯ ವಿಷಯ ತೆಗೆದೆ. ಹೊಸ ಸೆಲ್ ಹಾಕಿದ್ದರಿಂದ ಅವಳಿಗೆ ಚೆನ್ನಾಗಿಯೇ ಕೇಳಿಸಿತು. "ಹೂಂ" ಎಂದಳು. "ವ್ಯಾನು ಹಿಂದಕ್ಕೆ ಹೋಗಿತ್ತಲ್ಲ, ನೆನಪಿದ್ಯಾ?" ಎಂದೆ. "ಮುದ್ದೆ ಸ್ವಲ್ಪ ಗಟ್ಟಿಯಾಗಿದೆ ಕಣೇ" ಎಂದಳು.

ತಟ್ಟೆ ತೊಳೆದು ಬರುವಷ್ಟರಲ್ಲಿ ಅವಳು ಹಾಸಿಗೆಯ ಮೇಲೆ ಕೂತು ಮಿಷನ್ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದಳು. ಕಿವಿ ಕೇಳದವರ ಎತ್ತರದ ದನಿಯಲ್ಲಿ, ಗೋಡೆ ನೋಡಿಕೊಂಡು, "ಆವತ್ತು ಅಪ್ಪ ರಸ್ತೆ ನೋಡ್ಲೇ ಇಲ್ಲ ಕಣೇ. ಪೂರ್ತಿ ಹಿಂದಕ್ಕೆ ತಿರುಗಿ ನಿನ್ನೇ ನೋಡ್ತಿದ್ರು. ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ರು. ನಾನು ಪಕ್ಕದಲ್ಲೇ ಕೂತಿದ್ದೆ, ನನ್ನ ಕಡೆಗೆ ಬರೀ ಅವರ ಕಿವಿ ಇತ್ತು" ಎಂದಳು.

ನಾನು ಏನು ಹೇಳಿದರೂ ಅವಳಿಗೆ ಇನ್ನು ಕೇಳಿಸುವಂತಿರಲಿಲ್ಲ. ಹೊದಿಕೆ ಎಳೆದು ಕೊಟ್ಟೆ. ಬಿಸಿಲಿನ ಬಿಸುಪು ಅದರಲ್ಲಿ ಇನ್ನೂ ಇತ್ತು. ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗಾಗಿ ನಕ್ಕ ನಗು, ಅದನ್ನು ಕಂಡವಳೂ ಇವಳೇ.

ರಾತ್ರಿ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಮಜ್ಜಿಗೆ. ಮೊದಲು ನಿದ್ದೆ ಹೋದವಳು ಅಕ್ಕ.